ಅವ್ವನ ಕಲ್ಲುಬಳೆ

ಅತ್ತೆಮೂಗು ದಂಡೆ
ಜೂನ್ 12, 1988

ಪ್ರೀತಿಯ ಅವ್ವಾ,

ನಿನ್ನ ಮಗ ಉಸಕಾಕ್ ಬರೆಯುತ್ತಿದ್ದೇನೆ. ವಯಸ್ಸು ಎಪ್ಪತ್ತನಾಲ್ಕಾಯಿತು. ಹಲ್ಲು ಕಡಿಮೆಯಾಗಿದೆ, ಕೊಬ್ಬು ಹಾಗೇ ಇದೆ.

ಈ ಕಾಗದ ನಿನ್ನ ಕಚೇರಿಯವರ ಕಣ್ಣಿಗೆ ಬಿದ್ದರೆ, ಇಪ್ಪತ್ತಾರರ ಹುಡುಗಿಗೆ ಇಂಥ ಮುದಿ ಮಗನಾ ಎಂದು ಗಾಬರಿಯಾದಾರು. ನಮ್ಮ ಪದ್ಧತಿ ಗೊತ್ತಿಲ್ಲದ ದಕ್ಷಿಣದವರಾದರೆ ಬಿಡಿಸಿ ಹೇಳು. ನನ್ನ ಹೆತ್ತ ತಾಯಿ ತುಕುಮ್ಮೆಕ್ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಕೂಸು ನೀನು. ಅವಳ ಹೆಸರು ನಿನಗೆ ಬಂತು, ಹೆಸರಿನ ಹಿಂದೆಯೇ ಅವಳೂ ಬಂದಳು. ನನ್ನ ಮಗನ ಮಗಳಾದರೂ ನೀನು ನನಗೆ ಅವ್ವ. ಹೆಸರಿಗೆ ಮಾತ್ರ ಅವ್ವ ಅಲ್ಲ, ಹೆಸರಿನಿಂದಲೇ ಅವ್ವ. ನಿನ್ನಪ್ಪನಿಗೆ ನೀನು ಅಜ್ಜಿಯಾದೆ. ಅದಕ್ಕೇ ಆ ಪುಣ್ಯಾತ್ಮ ನಿನ್ನನ್ನು ಒಂದು ದಿನವೂ ಗದರಲಿಲ್ಲ.

ಈಗ ದೂರು ಕೇಳು.

ಹೋದ ಬೇಸಿಗೆ ನಿಮ್ಮ ಹಳೇ ಜಾಗಗಳ ಇಲಾಖೆಯಿಂದ ಅಳತೆಪಟ್ಟಿ ಹಿಡಿದ ಹುಡುಗರು ಬಂದಿದ್ದರು. ಕ್ಯಾಪ್ಟನ್ ಹಾರ್‌ಗ್ರೇವ್‌ನ ಗುಡಿಸಲನ್ನು ಅಳೆದರು, ಮೊಳೆ ಎಣಿಸಿದರು, ಅವನು ತಿಂದು ಬಿಸಾಕಿದ ಡಬ್ಬಿಗಳಿಗೆ ಬಟ್ಟೆ ಸುತ್ತಿದರು. ನಮ್ಮ ಅಜ್ಜಿಯ ಕಾಲದಲ್ಲಿ ಒಂದೇ ಒಂದು ಚಳಿಗಾಲ ಇದ್ದು ಹೋದ ಆ ಬಿಳಿಯ ಮನುಷ್ಯನ ಹೆಸರು ನಕ್ಷೆಯಲ್ಲಿ ಇಡೀ ಭೂಶಿರಕ್ಕೆ ಇದೆ. ನಾವು ಅತ್ತೆಮೂಗು ಅನ್ನುತ್ತೇವೆ, ಅವರು ಹಾರ್‌ಗ್ರೇವ್ ಭೂಶಿರ ಅನ್ನುತ್ತಾರೆ. ಹಗಲೂ ರಾತ್ರಿ ಗುರುಗುಟ್ಟುವ ನಮ್ಮ ಗೊರಕೆ ಹಿಮನದಿಗೆ ಅವನ ತಂಗಿ ಎಲಿನರ್ ಹೆಸರು. ಪಾಪ, ಆ ಹೆಂಗಸೂ ಗೊರಕೆ ಹೊಡೆಯುತ್ತಿದ್ದಳೋ ಏನೋ.

ಆಮೇಲೆ ಹುಡುಗರು ನಮ್ಮ ಕಲ್ಲುಬಳೆಗೆ ಬಂದರು. ಗುಡಾರದ ಅಂಚನ್ನು ಅದುಮಿ ಹಿಡಿಯುವ ಆ ಕಲ್ಲುಗಳ ಸುತ್ತು ನಿನಗೆ ನೆನಪಿದೆಯಲ್ಲ? ಬಾಗಿಲ ಬಳಿಯ ಚಪ್ಪಟೆ ಕಲ್ಲಿನ ಮೇಲೆ ಕೂತು ಹೆತ್ತವ್ವ ಹಕ್ಕಿಯ ಪುಕ್ಕ ಕೀಳುತ್ತಿದ್ದಳು. "ಇದು ಯಾರದು?" ಎಂದು ಕೇಳಿದರು. "ನಮ್ಮವ್ವಂದು" ಅಂದೆ. ಬರೆದುಕೊಂಡು ಹೋದರು. ಇಷ್ಟೇ ಮಾತು.

ಈ ಮೇ ತಿಂಗಳಲ್ಲಿ ಬಂದು ನೋಡಿದರೆ ಬಳೆಯ ಸುತ್ತ ಹಗ್ಗ. ಪಕ್ಕದಲ್ಲಿ ಎರಡು ಕಬ್ಬಿಣದ ಕಂಬದ ಮೇಲೆ ಬೋರ್ಡು: ಪುರಾತನ ಸ್ಮಾರಕ, ಕಲ್ಲು ಮುಟ್ಟಬಾರದು, ಗುಡಾರ ಹಾಕಬಾರದು, ನಾಯಿ ಕಟ್ಟಬಾರದು. ಸ್ಮಾರಕವಂತೆ! ನನಗೆ ಮಾರಕ. ಇನ್ನೊಂದು ಹಗ್ಗವನ್ನು ಎಲ್ಲಿ ಕಟ್ಟಿದ್ದಾರೆಂದು ಈಗಲೇ ಹೇಳುವುದಿಲ್ಲ. ನಗುವುದಕ್ಕೆ ಸ್ವಲ್ಪ ಉಳಿಸಿಕೊಂಡಿದ್ದೇನೆ.

ನೀನು ಅದೇ ಇಲಾಖೆಯಲ್ಲಿ ಕೂತಿದ್ದೀಯ. ಏನು ಕೇಳಿದರೂ ಇಲ್ಲ ಇಲ್ಲ ಅನ್ನುವುದರಿಂದ ಅದಕ್ಕೆ 'ಇಲ್ಲ'ಖೆ ಎಂದು ಹೆಸರಿಡಬೇಕಿತ್ತು. ಆ ಮುಠ್ಠಾಳರಿಗೆ ಒಂದು ಮಾತು ಹೇಳಿ ಹಗ್ಗ ಬಿಚ್ಚಿಸು. ಹಕ್ಕಿಗಳ ಇಳಿಜಾರು ಇಲ್ಲೇ, ಸಿಹಿನೀರು ಇಲ್ಲೇ, ಗಾಳಿಗೆ ಮರೆ ಇಲ್ಲೇ. ಈ ಬಳೆ ಬಿಟ್ಟರೆ ನನಗೆ ಬೇಸಿಗೆಯೇ ಇಲ್ಲ.

ಅಂಗಡಿಯ ಫೋನಿಗೆ ಕರೆ ಮಾಡಬೇಡ, ಊರೆಲ್ಲ ಕಿವಿಯಾಗಿ ನಿಲ್ಲುತ್ತದೆ. ಕಾಗದ ಬರಿ.

ನಿನ್ನ ಮಗ,
ಉಸಕಾಕ್


ನೂಕ್
ಜುಲೈ 4, 1988

ಮಗನೇ,

ಕಾಗದ ಹೆಲಿಕಾಪ್ಟರಿನಲ್ಲಿ ಬಂತು. ನಿನ್ನ ಅಕ್ಷರ ಯಾಕೋ ಸಣ್ಣದಾಗಿದೆ. ಕನ್ನಡಕ ಬದಲಿಸು.

ಬೋರ್ಡಿನ ವಿಷಯ. ಅದು ಇಲಾಖೆಯ ತೀರ್ಮಾನ, ಒಬ್ಬರು ಬಿಚ್ಚಿ ಅಂದರೆ ಬಿಚ್ಚುವಂಥದ್ದಲ್ಲ. ಹೋದ ಬೇಸಿಗೆ ಬಂದ ಪ್ರವಾಸಿ ಹಡಗಿನವರು ಆ ದಂಡೆಯಿಂದ ಏನೇನು ಹೊತ್ತುಕೊಂಡು ಹೋದರು ಗೊತ್ತಾ? ಹಳೇ ಕಲ್ಲುದೀಪದ ಚೂರು, ಮೂಳೆಯ ಸೂಜಿ. ಒಬ್ಬ ಮಹಾಶಯ ತಲೆಬುರುಡೆಯೊಂದನ್ನು ಟೋಪಿಯಲ್ಲಿಟ್ಟುಕೊಂಡು ಹಡಗು ಹತ್ತಿದ್ದನಂತೆ. ಅವರನ್ನು ತಡೆಯಬೇಕಾದರೆ ಎಲ್ಲರಿಗೂ ಒಂದೇ ನಿಯಮ ಬೇಕು. ನೀನು ನಗುತ್ತೀಯ. ನನಗೆ ನಗು ಬರಲಿಲ್ಲ.

ಈ ವರ್ಷ ಹಳ್ಳದಾಚೆ ಗುಡಾರ ಹಾಕು. ಅಲ್ಲೂ ಕಲ್ಲಿದೆ, ಅಲ್ಲೂ ನೀರಿದೆ. ಅಷ್ಟರಲ್ಲಿ ನಾನು ಒಳಗೆ ವಿಚಾರಿಸಿ ನೋಡುತ್ತೇನೆ. ಯಾರು ಏನು ಬರೆದರು ಎಂಬುದೆಲ್ಲ ಈಗ ಬೇಡ.

ಜುಲೈ ಕೊನೆಗೆ ಯೋರ್ನ್ ಎಂಬ ಡೆನ್ಮಾರ್ಕಿನವರು ತನಿಖೆಗೆ ಬರುತ್ತಾರೆ. ಒಳ್ಳೆಯ ಮನುಷ್ಯ. ದಯವಿಟ್ಟು ಅವರ ಜೊತೆ ನಿನ್ನ ಆಟ ಆಡಬೇಡ.

ಇಲ್ಲಿ ರಾಜಧಾನಿಯಲ್ಲಿ ಮಳೆ, ಕಾಂಕ್ರೀಟು, ಕಾಫಿ. ಬೇರೆ ಏನೂ ವಿಶೇಷ ಇಲ್ಲ.

ತುಕುಮ್ಮೆಕ್


ಅತ್ತೆಮೂಗು ದಂಡೆ
ಜುಲೈ 29, 1988

ಅವ್ವಾ,

ಯೋರ್ನ್ ಸಾಹೇಬ ಬಂದು ಹೋದ. ಆಟ ಆಡಬೇಡ ಅಂದಿದ್ದೆ. ಆಡಲಿಲ್ಲ. ಅವನೇ ಆಡಿಕೊಂಡ.

ಮೊದಲು ಹಳ್ಳದಾಚೆಯ ಮಾತು. ನೂಕ್ ನಿನ್ನ ನೆನಪನ್ನೂ ನೂಕಿಬಿಟ್ಟಿತಾ? ಗೊರಕೆ ಒಂದು ಸಲ ಮಗ್ಗುಲು ಬದಲಿಸಿ ಹಿಮದ ತುಂಡನ್ನು ಕಡಲಿಗೆ ಬೀಳಿಸಿದರೆ, ಅಲೆ ಎದ್ದು ಆಚೆ ದಂಡೆಯನ್ನು ನೆಕ್ಕಿಕೊಂಡು ಹೋಗುತ್ತದೆ. ಹಾರ್‌ಗ್ರೇವ್ ಮೊದಲು ಬೀಡುಬಿಟ್ಟಿದ್ದು ಅಲ್ಲೇ. ದೋಣಿ ಕಳೆದುಕೊಂಡು, ಒದ್ದೆ ಚಡ್ಡಿಯಲ್ಲಿ ನಡುಗುತ್ತಾ ಬಂದವನಿಗೆ ಈಚೆ ಜಾಗ ತೋರಿಸಿ ಉಣ್ಣಲು ಹಾಕಿದವಳು ನಮ್ಮವ್ವನ ಅವ್ವ. ಅದು ನಿಮ್ಮ ಬೋರ್ಡಿನಲ್ಲಿ ಇಲ್ಲ.

ಹಾಗಾಗಿ ನಾನು ಪ್ರತಿ ವರ್ಷದಂತೆ ಬಳೆಯಲ್ಲೇ ಗುಡಾರ ಹಾಕಿದೆ. ಹಗ್ಗ ಬಿಚ್ಚಲಿಲ್ಲ, ಗುಡಾರ ಕಟ್ಟಲು ಬಳಸಿಕೊಂಡೆ. ಒಳ್ಳೆಯ ಹಗ್ಗ, ನಿಮ್ಮವರಿಗೆ ನನ್ನ ಥ್ಯಾಂಕ್ಸ್ ಹೇಳು.

ಯೋರ್ನ್ ದೋಣಿಯಿಂದ ಇಳಿದ. ನಮ್ಮ ಭಾಷೆಯನ್ನು ತೆಳು ಮಂಜುಗಡ್ಡೆಯ ಮೇಲೆ ಕಾಲಿಟ್ಟಂತೆ, ಒಂದೊಂದೇ ಪದ ಇಟ್ಟು ಮಾತಾಡುತ್ತಾನೆ.

"ಅಜ್ಜಾ, ಇಲ್ಲಿ ಯಾಕೆ ಗುಡಾರ ಹಾಕಿದೀರಿ?"

"ಗಾಳಿ ಜಾಸ್ತಿ ಇತ್ತು ಸಾಹೇಬ್ರೆ."

"ಇವು ಪುರಾತನ ಕಲ್ಲು!"

"ಹೌದಾ? ಹೊಸ ಕಲ್ಲು ಎಲ್ಲಿ ಸಿಗುತ್ತೆ ಹೇಳಿ, ತಂದು ಹಾಕ್ತೀನಿ."

ಬೋರ್ಡಿನ ಕಡೆ ನೋಡಿದ. ಎರಡು ಗಟ್ಟಿ ಕಂಬ, ನಡುವೆ ತಗಡು. ಒಣಹಾಕುವುದಕ್ಕೆ ಅಂಥ ಜಾಗ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಉದ್ದಕ್ಕೂ ಮೀನು ನೇತುಹಾಕಿದ್ದೆ.

"ಬೋರ್ಡಲ್ಲಿ ಏನು ಬರೆದಿದೆ ಅಂತ ಓದ್ಲಿಲ್ವಾ?"

"ಓದೋಣ ಅಂದ್ರೆ ಮೀನು ಅಡ್ಡ ಬಂತು."

ನನ್ನ ಜೊತೆಗಾರ ಮುದುಕ ಇಮೀನಾ ನಗು ತಡೆಯಲಾರದೆ ನಾಯಿಗಳನ್ನು ಬೈಯುತ್ತಾ ಆಚೆ ಹೋದ.

ಈಗ ಇನ್ನೊಂದು ಹಗ್ಗದ ವಿಷಯ. ಇಳಿಜಾರಿನ ಬುಡದಲ್ಲಿ ನಾವು ಕಿವಿಯಾಕ್ ಹೂತಿಡುವ ಕಲ್ಲುರಾಶಿ ಇದೆಯಲ್ಲ, ನಿಮ್ಮವರು ಅದನ್ನು ಪುರಾತನ ಸಮಾಧಿ ಮಾಡಿಬಿಟ್ಟಿದ್ದಾರೆ! ಜೂನಿನಲ್ಲಿ ನಾನು ಬಲೆ ಬೀಸಿ ಹಿಡಿದ ಪುಟ್ಟ ಹಕ್ಕಿಗಳನ್ನೆಲ್ಲ ಸೀಲ್ ಚರ್ಮದ ಚೀಲದಲ್ಲಿ ತುಂಬಿ, ಹೊಲಿದು, ಹಗ್ಗದೊಳಗೇ ಹೂತಿಟ್ಟೆ. ಚಳಿಗಾಲದ ಊಟಕ್ಕೆ ಹದವಾಗಿ ಕೊಳೆತಿರುತ್ತದೆ. ಯೋರ್ನ್ ಅದರ ಮುಂದೆ ನಿಂತು ಟೋಪಿ ತೆಗೆದ. ಇಮೀನಾನೂ ತೆಗೆದ. ನಾನು ಕಣ್ಣೊರೆಸಿಕೊಂಡೆ.

"ಒಳಗೆ ಎಷ್ಟು ಜನ ಇದಾರೆ ಅಂತ ಗೊತ್ತಾ ಅಜ್ಜಾ?" ಎಂದ ಮೆಲ್ಲಗೆ.

"ಮುನ್ನೂರರ ಮೇಲಿರ್ಬೇಕು."

"ಮುನ್ನೂರು! ಏನಾದ್ರೂ ಕಾಯಿಲೆ ಬಂದಿತ್ತಾ?"

"ಇಲ್ಲ, ಬಲೆ ಬಂದಿತ್ತು."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಖ ಹಸಿ ಸೀಲ್ ಮಾಂಸದ ಕೆಂಪಿಗೆ ತಿರುಗಿತು. ಆಮೇಲೆ, ಹೇಳಲೇಬೇಕು, ಅವನೂ ನಕ್ಕ. ಒಳಗೆ ಕರೆದು ಕೊಂಬಿನ ತಿಮಿಂಗಿಲದ ಚರ್ಮ ಕೊಯ್ದುಕೊಟ್ಟೆ. "ಏನಿದರ ಹೆಸರು?" ಅಂದ. "ಮತ್ತಾಕ್" ಅಂದೆ. ಅವನ ತಟ್ಟೆಗೆ ಮತ್ತೆ ಹಾಕಿದೆ, ಮತ್ತೆ ಹೆಸರು ಹೇಳಿದೆ, ಮತ್ತೆ ಹಾಕಿದೆ.

ತಿಂದು, ಬಾಯೊರೆಸಿಕೊಂಡು, ಎಚ್ಚರಿಕೆ ಕೊಟ್ಟ. ಮುಂದಿನ ಬೇಸಿಗೆ ಗುಡಾರ ಇಲ್ಲೇ ಕಂಡರೆ ಪೊಲೀಸ್ ದೋಣಿ ಬಂದು ಕಿತ್ತುಹಾಕುತ್ತದಂತೆ. ಯಾಕೆ, ಅದು ನಮ್ಮವ್ವನ ಬಳೆ ಅಂದೆ. ಬಳಸುತ್ತಿರುವ ಮಾಲೀಕರು ಬದುಕಿದ್ದರೆ ಅದು ಸ್ಮಾರಕವಾಗುವುದಿಲ್ಲವಂತೆ, ಆದರೆ ಮಾಲೀಕಳು ಸತ್ತಿದ್ದಾಳಲ್ಲ ಅಂದ.

"ಯಾವನಯ್ಯಾ ಹೇಳ್ದೋನು?"

"ಯಾವನೂ ಅಲ್ಲ. ನಿಮ್ ಮೊಮ್ಮಗಳೇ ಬರೆದಿದ್ದು. ಮಾಲೀಕಳು ತುಕುಮ್ಮೆಕ್, ಮೃತಳು, ಬಳಕೆ ಇಲ್ಲ."

ಅವ್ವಾ, ನಾನು ಕೆಮ್ಮಿದೆ. ಅವನು ಅದನ್ನು ಕೆಮ್ಮು ಅಂದುಕೊಂಡ.

ನಿನ್ನ ಕೈಯಾರೆ ನಿನ್ನನ್ನೇ ಸತ್ತವಳೆಂದು ಬರೆದೆಯಾ? ನೀನು ಐದು ವರ್ಷದವಳಿದ್ದಾಗ ಅದೇ ಚಪ್ಪಟೆ ಕಲ್ಲಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತಾ, ಹೊರಗೆ ನಿಂತಿದ್ದ ನನಗೆ "ಮಗಾ, ಒಳಗ್ ಬಾ, ಚಳಿ" ಅಂದಿದ್ದೆ. ಆ ಅಪ್ಪಣೆಯ ಮೇಲೆ ನಾನು ಇವತ್ತಿನವರೆಗೆ ಗುಡಾರ ಹಾಕುತ್ತಿದ್ದೇನೆ. ಬೇರೆಯವರ ಬಳೆಯ ಕಲ್ಲನ್ನು ಕೇಳದೆ ಮುಟ್ಟುವ ಜನ ನಾವಲ್ಲ.

ಉತ್ತರ ಬರಿ.

ಉಸಕಾಕ್

ಮರೆತೆ: ದಾದಿ ಅದೇನೋ ಗುಳಿಗೆ ಕೊಟ್ಟಿದ್ದಾಳೆ. ಬಂಡಿಯ ಮುಂದಾಳು ನಾಯಿಗೆ ಒಂದು ಕೊಟ್ಟು ನೋಡಿದೆ. ಗುಳಿಗೆ ಗುಳುಂ. ನಾಯಿ ಚೆನ್ನಾಗಿ ಓಡುತ್ತಿದೆ.


ನೂಕ್
ಆಗಸ್ಟ್ 25, 1988

ಉಸಕಾಕ್,

ಹೌದು. ನಾನೇ ಬರೆದೆ.

ಸತ್ತಿಲ್ಲವಾ ಅವಳು? ನಮ್ಮೂರ ಚರ್ಚಿನ ಹಿಂದೆ ಬಿಳಿ ಶಿಲುಬೆಯ ಕೆಳಗೆ ಮಲಗಿರುವುದು ಯಾರು? ಸರ್ಕಾರದ ಕಾಗದದಲ್ಲಿ, ಸತ್ತಿದ್ದಾಳೆ ಆದರೆ ಮೂರನೇ ಮಹಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಳೆ ಎಂದು ಬರೆಯಲಾ? ಹುಡುಗರು ತಂದ ಫೋಟೋ ನೋಡಿದೆ. ಕಲ್ಲು ಹಳೆಯದು, ಪಾಚಿ ಹಳೆಯದು, ಉಸಕಾಕನ ತಾಯಿಯದು ಎಂದು ಹೇಳಿಕೆ. ಯಾರು ಕೂತಿದ್ದರೂ ಅದನ್ನೇ ಬರೆಯುತ್ತಿದ್ದರು. ಸಮಾಧಿ ಎಂದದ್ದು ನಾನಲ್ಲ. ಅದನ್ನು ಓದಿ ನಾನೂ ಕಚೇರಿಯಲ್ಲಿ ನಕ್ಕೆ, ಒಪ್ಪುತ್ತೇನೆ. ಅಷ್ಟಕ್ಕೇ ನಿಲ್ಲಲಿ.

ಇನ್ನೊಂದು ಮಾತು. ಬಹಳ ವರ್ಷದಿಂದ ಹೇಳಬೇಕೆಂದಿದ್ದೆ. ನಾನು ಚಿಕ್ಕವಳಿದ್ದಾಗ ಊರಿನ ಮುದುಕಿಯರೆಲ್ಲ ಬಂದು ನನ್ನ ಕೈ ಹಿಡಿದು, "ತುಕುಮ್ಮೆಕ್, ನಾವಿಬ್ರೂ ಮೊಟ್ಟೆ ಕದಿಯಕ್ಕೆ ಹೋಗಿ ಬಂಡೆ ಮೇಲೆ ಸಿಕ್ಕಾಕ್ಕೊಂಡಿದ್ದು ನೆನಪಿದ್ಯೇನೇ?" ಎಂದು ಅಳುತ್ತಿದ್ದರು. ನೆನಪಿದೆ ಅನ್ನುತ್ತಿದ್ದೆ. ಇಲ್ಲ ಅಂದರೆ ಅವರಿಗೆ ನೋವು. ಅವಳಿಗೆ ಇಷ್ಟವಿದ್ದದ್ದು ನನಗೂ ಇಷ್ಟ, ಅವಳು ಬೈಯುತ್ತಿದ್ದವರನ್ನು ನಾನೂ ಬೈಯಬೇಕು. ನಿನಗೇನು ಬೇಕು ಎಂದು ನನ್ನನ್ನು ಕೇಳಿದವರೇ ಇಲ್ಲ. ನೂಕಿನಲ್ಲಿ ನಾನು ಬರೀ ನಾನು. ಇದು ನನ್ನನ್ನು ನೂಕಿದ ಊರಲ್ಲ. ನಾನಾಗಿ ಬಂದ ಊರು.

ಮುಂದಿನ ಬೇಸಿಗೆ ಹಳ್ಳದಾಚೆ ಹಾಕು. ಅಲೆಯ ಭಯವಿದ್ದರೆ ಇನ್ನೂ ಮೇಲಕ್ಕೆ ಹಾಕು. ಪೊಲೀಸರು ಬಂದರೆ ನನ್ನಿಂದ ತಡೆಯಲಾಗುವುದಿಲ್ಲ. ತಡೆಯುವುದೂ ಇಲ್ಲ.

ತುಕುಮ್ಮೆಕ್


ಊರಿನಿಂದ
ಸೆಪ್ಟೆಂಬರ್ 20, 1988

ಹಳೇ ಜಾಗಗಳ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,

ತಮ್ಮ ಪತ್ರ ತಲುಪಿದೆ. ಶಿಲುಬೆಯ ಕೆಳಗೆ ಯಾರಿದ್ದಾರೆಂದು ತಿಳಿಸಿದ್ದಕ್ಕೆ ಕೃತಜ್ಞತೆಗಳು. ಆ ಗುಂಡಿ ಅಗೆದವನು ನಾನೇ ಆದ್ದರಿಂದ ವಿಷಯ ಮೊದಲೇ ತಿಳಿದಿತ್ತು.

ಈ ಕೆಳಗೆ ರುಜು ಹಾಕಿದವನಿಗೆ ಹಕ್ಕಿಯ ಇಳಿಜಾರಿನ ಹತ್ತಿರ ಬೇರೆ ಜಾಗವಿಲ್ಲ. ಆದಕಾರಣ ಮುಂದಿನ ಮೇ ತಿಂಗಳಲ್ಲಿ ಅದೇ ಬಳೆಯಲ್ಲಿ, ಅದೇ ಕಲ್ಲುಗಳಿಂದ, ಅದೇ ಗುಡಾರ ಹಾಕುವುದಾಗಿ ತಮ್ಮ ಅವಗಾಹನೆಗೆ ತರಲಾಗಿದೆ. ಪೊಲೀಸರು ಬರುವುದಾದರೆ ಮುಂಚೆ ತಿಳಿಸತಕ್ಕದ್ದು. ಕಾಫಿಗೆ ನೀರು ಜಾಸ್ತಿ ಇಡಬೇಕಾಗುತ್ತದೆ.

ತಮ್ಮ ವಿಧೇಯನಲ್ಲದ,
ಉಸಕಾಕ್
ತಾಯಿ ಇಲ್ಲದವನು


ನೂಕ್
ಜನವರಿ 16, 1989

ಏನೆಂದು ಕರೆದು ಶುರುಮಾಡಲಿ ಎಂದು ತಿಳಿಯದೆ ಹಾಳೆ ಹರಿದುಹಾಕಿದೆ. ಕೊನೆಗೆ ಹಾಗೇ ಬರೆಯುತ್ತಿದ್ದೇನೆ.

ನಿನ್ನೆ ದಾದಿ ಫೋನ್ ಮಾಡಿದ್ದಳು. ಕ್ರಿಸ್‌ಮಸ್‌ಗೆ ಮುಂಚೆ ನಾಯಿಬಂಡಿಯಿಂದ ಬಿದ್ದೆಯಂತೆ, ಇಮೀನಾ ಎತ್ತಿ ತಂದನಂತೆ. ಎದೆಯ ತೊಂದರೆ ಜೂನಿನಿಂದಲೂ ಇದೆಯಂತೆ. ದೊಡ್ಡಾಸ್ಪತ್ರೆಗೆ ಬಾ ಎಂದರೆ, "ನನ್ ಎದೆ ನನ್ ಹತ್ರಾನೇ ಇರ್ಲಿ" ಅಂದೆಯಂತೆ. ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಗುಳಿಗೆ ಗುಳುಂ! ಅವತ್ತು ಅದನ್ನು ಓದಿ ನಗುವಷ್ಟು ದಡ್ಡಿ ನಾನು. ಸಣ್ಣ ಅಕ್ಷರ ಕಂಡು ಕನ್ನಡಕ ಬದಲಿಸು ಎಂದಿದ್ದೆ.

ನಾನೂ ಒಂದು ವಿಷಯ ಹೇಳಿಲ್ಲ. ನನಗೆ ಮಗುವಾಗಲಿದೆ. ಆಗಸ್ಟಿನಲ್ಲಿ. ಮಗುವಿನ ಅಪ್ಪ ಮೀನಿನ ದೋಣಿಯಲ್ಲಿ ಕೆಲಸ ಮಾಡುತ್ತಾನೆ, ಮಾತು ಕಡಿಮೆ, ನಿನಗೆ ಹಿಡಿಸುವುದಿಲ್ಲ, ಒಳ್ಳೆಯವನು.

ಇಲ್ಲಿ ಕತ್ತಲೆ ಹಗಲಿನಲ್ಲಿ ಸ್ವಲ್ಪ ಹೊತ್ತಾದರೂ ತೆರೆಯುತ್ತದೆ. ಅಲ್ಲಿ ಈಗ ಪೂರಾ ಕತ್ತಲೆ ಎಂದು ನೆನೆದರೆ ನಿದ್ದೆ ಬರುವುದಿಲ್ಲ. ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಯಾವ ಹೆಸರು ಎಂದು ಯೋಚಿಸಿಟ್ಟಿದ್ದೇನೆ. ಏನಾದರೂ ಆದರೆ ಹೆಸರು ಬೀದಿಪಾಲಾಗುವುದಿಲ್ಲ. ಅಷ್ಟು ಧೈರ್ಯ ನಿನಗಿರಲಿ.

ಆಸ್ಪತ್ರೆಗೆ ಹೋಗು.

ತುಕುಮ್ಮೆಕ್


ಊರಿನಿಂದ
ಫೆಬ್ರವರಿ 21, 1989

ತುಕುಮ್ಮೆಕ್,

ಚಳಿಗಾಲದ ಕತ್ತಲೆ ಕಳೆದು ಇವತ್ತು ಮೊದಲ ಸಲ ಸೂರ್ಯ ಅತ್ತೆಮೂಗಿನ ಪಕ್ಕದಿಂದ ಇಣುಕಿದ. ಊರಿನವರೆಲ್ಲ ಟೋಪಿ ತೆಗೆದು, ಕೈಗವಸು ಕಳಚಿ ನಿಂತಿದ್ದೆವು. ನಾನೂ ನಿಂತಿದ್ದೆ, ನನ್ನ ಕಾಲ ಮೇಲೆ. ಇದನ್ನು ನಿನ್ನ ಕಚೇರಿಯಲ್ಲಿ ದಾಖಲು ಮಾಡಿಕೊ.

ನನ್ನ ಹೆಸರಿಗೆ ಕೈ ಹಾಕಬೇಡ! ಆ ಹೆಸರಿನ ಒಳಗೆ ಜನ ಇದ್ದಾರೆ. ಇನ್ನೂ ಖಾಲಿ ಮಾಡಿಲ್ಲ. ನಾನು ಒಳಗೆ ಕೂತು ಊಟ ಮಾಡುತ್ತಿರುವಾಗಲೇ ನೀನು ಹೊರಗಿನಿಂದ ಬಾಗಿಲು ಅಳೆಯುತ್ತಿದ್ದೀಯ. ಮೊದಲು ಕಲ್ಲು, ಈಗ ನಾನು. ಮಾಲೀಕ ಉಸಕಾಕ್, ಮೃತ, ಬಳಕೆ ಇಲ್ಲ. ಇದೇ ತಾನೇ ನಿಮ್ಮ ಇಲಾಖೆಯ ಕ್ರಮ?

ಇಮೀನಾನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವನು ಪೈಪು ಕೆರೆಯುತ್ತಾ, "ಅಲ್ವೋ ಪೆದ್ದ, ಆ ಹುಡ್ಗಿ ನಿನ್ ಮೇಲಿನ ಪ್ರೀತಿಗೆ ಬರ್ದಿರೋದು" ಅಂದ. ಪ್ರೀತಿ ಇದ್ದರೆ ಮಾತು ಒಂದೇ ಇರಲಿ. ನಿನಗೊಂದು ಪ್ರಶ್ನೆ ಕೇಳುತ್ತೇನೆ, ನೇರ ಉತ್ತರ ಕೊಡು.

ಕಲ್ಲಿನ ವಿಷಯ ಬಂದಾಗ, ಸತ್ತವಳು ಸತ್ತವಳೇ, ಶಿಲುಬೆಯ ಕೆಳಗಿದ್ದಾಳೆ ಅಂದೆ. ಹೊಟ್ಟೆಯ ವಿಷಯ ಬಂದಾಗ, ಸತ್ತ ಮುದುಕ ಹೆಸರಿನ ಜೊತೆ ಮಗುವಿಗೆ ಬರುತ್ತಾನೆ ಅನ್ನುತ್ತೀಯ. ಬರುತ್ತೇನೋ ಇಲ್ಲವೋ? ನಾನು ಬರುವುದಾದರೆ ಅವಳೂ ಬಂದಿದ್ದಾಳೆ, ಬಳೆಗೆ ಮಾಲೀಕಳಿದ್ದಾಳೆ. ಅವಳು ಬಂದಿಲ್ಲವಾದರೆ ನಾನೂ ಬರುವುದಿಲ್ಲ. ಮಗುವಿಗೆ ಅಂಗಡಿಯ ಕ್ಯಾಲೆಂಡರಿನಿಂದ ಯಾವುದಾದರೂ ಹೆಸರು ಹರಿದುಕೊ.

ನೀನು ನೀನಾಗಿರಬೇಕು ಅಂದೆಯಲ್ಲ, ಅದು ತಪ್ಪಲ್ಲ. ಆ ಮುದುಕಿಯರು ನಿನ್ನನ್ನು ಕಾಡಿದ್ದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರ ಬೂಟಿನಲ್ಲಿ ಮೀನಿನ ಕರುಳು ಇಡುತ್ತಿದ್ದೆ. ಆದರೆ ಹೆಸರು ಅಂದರೆ ಮೈಗೆ ಅಂಟಿದ ಅಂಗಿಯಾ? ಅದು ಗುಡಾರ. ಅವಳದು ಅಂದಮಾತ್ರಕ್ಕೆ ನೀನು ಒಳಗೆ ಕಾಲು ಚಾಚಿ ಮಲಗಬಾರದು ಅಂತಿಲ್ಲ.

ಗುಳಿಗೆ ನಾನೇ ನುಂಗುತ್ತಿದ್ದೇನೆ. ನಾಯಿ ಬೇಸರ ಮಾಡಿಕೊಂಡಿದೆ.

ಉಸಕಾಕ್


ನೂಕ್
ಮಾರ್ಚ್ 20, 1989

ಮಗನೇ,

ಬರುತ್ತೀಯ. ಅವಳೂ ಬಂದಿದ್ದಾಳೆ. ಉತ್ತರ ನೇರವಾಯಿತಾ?

ನನ್ನ ಬಳೆಗೆ ನನ್ನನ್ನು ಕೇಳದೆ ಹಗ್ಗ ಕಟ್ಟಿದ್ದಾರೆಂದು ಇಲಾಖೆಗೆ ತಕರಾರು ಕೊಟ್ಟಿದ್ದೇನೆ. ಮೇಲಿನವರು ಹೊಟ್ಟೆ ಹಿಡಿದು ನಕ್ಕರು. "ನೀವು ಹುಟ್ಟೋ ಮುಂಚಿನ ಕಲ್ಲಿಗೆ ನೀವು ಹೇಗ್ರೀ ಮಾಲೀಕರು?" ಎಂದರು. ಅವರೂ ನಮ್ಮವರೇ, ಅವರಿಗೂ ಅಜ್ಜನ ಹೆಸರೇ. "ನಿಮ್ಮ ಅಮ್ಮ ನಿಮ್ಮನ್ನ ಮನೇಲಿ ಏನಂತ ಕರೀತಾರೆ ಸರ್?" ಅಂದೆ. ಎದ್ದು ಹೊರಗೊಮ್ಮೆ ಇಣುಕಿದರು. "ಅಪ್ಪಾ ಅಂತಾರೆ" ಎಂದರು, ಬಾಗಿಲು ಮುಚ್ಚಿಕೊಂಡು.

ಮಾಲೀಕಳು ಖುದ್ದಾಗಿ ಅಲ್ಲಿ ಗುಡಾರ ಹಾಕಿ ಇರುವುದನ್ನು ಯೋರ್ನ್ ಕಣ್ಣಾರೆ ಕಂಡು ಬರೆದರೆ ಒಪ್ಪುತ್ತಾರಂತೆ. ಹಕ್ಕಿ ಬರುವ ಹೊತ್ತಿಗೆ ಬರುತ್ತೇನೆ. ಗುಡಾರ ನೀನು ಹಾಕಬೇಡ. ಕಲ್ಲು ನಾನು ಉರುಳಿಸುತ್ತೇನೆ.

ನಿನ್ನ ಅವ್ವ


ಅತ್ತೆಮೂಗು ದಂಡೆ
ಜುಲೈ 18, 1989

ಪ್ರೀತಿಯ ಅವ್ವಾ,

ನೀನು ಹೆಲಿಕಾಪ್ಟರ್ ಹತ್ತಿ ಹೋದ ಮೇಲೂ ನಿನ್ನ ಕಥೆ ಊರಲ್ಲೇ ಇದೆ, ದಿನಕ್ಕಿಷ್ಟು ದಪ್ಪಗಾಗುತ್ತಿದೆ. ಆರು ತಿಂಗಳ ಹೊಟ್ಟೆ ಹೊತ್ತು, ಇಳಿಜಾರಿನಲ್ಲಿ ಕೂತು, ಉದ್ದ ಕೋಲಿನ ಬಲೆ ಬೀಸಿ ಒಂದೇ ಬೀಸಿಗೆ ಐದು ಹಕ್ಕಿ ಹಿಡಿದೆ ಎಂದು ನಾನು ಹೇಳಿದೆ. ಇಮೀನಾ ಅದನ್ನು ಒಂಬತ್ತು ಮಾಡಿದ. ಅಂಗಡಿಗೆ ತಲುಪುವಷ್ಟರಲ್ಲಿ ಹದಿನಾಲ್ಕಾಗಿತ್ತು. ನಿಜವಾಗಿ ನೀನು ಹಿಡಿದದ್ದು ಒಂದು, ಅದೂ ಕುಂಟುತ್ತಿತ್ತು. ಇದು ನಮ್ಮಿಬ್ಬರೊಳಗೇ ಇರಲಿ.

ಯೋರ್ನ್ ಬಂದಾಗಿನ ಮಾತನ್ನಂತೂ ಎಲ್ಲರೂ ಆಡಿ ತೋರಿಸುತ್ತಿದ್ದಾರೆ. ನೀನು ಚಪ್ಪಟೆ ಕಲ್ಲಿನ ಮೇಲೆ ಕೂತು ಪುಕ್ಕ ಕೀಳುತ್ತಿದ್ದೆ. ಅವನು ಕಾಗದ ತೆಗೆದು, ಗಂಭೀರವಾಗಿ, "ಈ ಜಾಗದ ಮಾಲೀಕರು ಯಾರು?" ಎಂದ.

"ನಾನು."

"ಎಷ್ಟು ವರ್ಷದಿಂದ?"

"ನೀವು ಹುಟ್ಟೋಕ್ ಮುಂಚಿಂದ."

"ಸಾಕ್ಷಿ?"

ನೀನು ನನ್ನ ಕಡೆ ಕೊಕ್ಕಿನಂತೆ ಬೆರಳು ಚಾಚಿ, "ನನ್ ಮಗ" ಅಂದೆ. ನಾನು ಒಳ್ಳೆಯ ಮಗನಂತೆ ಕೈಕಟ್ಟಿ ನಿಂತೆ. ಪಾಪ, ಅವನು ನಿನ್ನನ್ನೊಮ್ಮೆ ನೋಡಿದ, ನನ್ನ ಬೊಕ್ಕ ಬಾಯನ್ನೊಮ್ಮೆ ನೋಡಿದ, ನಿನ್ನ ಹೊಟ್ಟೆಯನ್ನೊಮ್ಮೆ ನೋಡಿದ. ಕಾಗದದಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲವೇನೋ. ಆಗ ನೀನು ಅಂದೆಯಲ್ಲ, "ಒಳಗ್ ಬನ್ನಿ, ಚಳಿ" ಎಂದು. ಅವನಿಗೆ ಅದು ಉಪಚಾರದ ಮಾತು. ನಾನು ಮಾತ್ರ ನಾಯಿಗಳನ್ನು ನೋಡುವ ನೆಪದಲ್ಲಿ ಗುಡಾರದ ಹಿಂದಕ್ಕೆ ಹೋಗಬೇಕಾಯಿತು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ, ಈ ವಯಸ್ಸಿನಲ್ಲಿ.

ಈಗ ಹೊಸ ಸುದ್ದಿ. ಮೊನ್ನೆ ಯೋರ್ನ್ ಮತ್ತೆ ಬಂದ. ನಿಮ್ಮ ಇಲಾಖೆ ಕೊನೆಗೂ ಒಂದು 'ಇದೆ' ಅಂದಿದೆ. ಕಲ್ಲುಬಳೆ ಬಳಕೆಯಲ್ಲಿದೆ, ಮಾಲೀಕಳು ಇದ್ದಾಳೆ. ಸಮಾಧಿಯೂ ಬಳಕೆಯಲ್ಲಿದೆ, ಸತ್ತವರು ರುಚಿಯಾಗಿದ್ದಾರೆ. ಇದು ಅವನದೇ ಮಾತು, ಹುಡುಗ ಕಲಿಯುತ್ತಿದ್ದಾನೆ. ಪ್ರವಾಸಿಗಳನ್ನು ತಡೆಯುವ ಬೋರ್ಡು ಇನ್ನುಮುಂದೆ ಹಡಗು ನಿಲ್ಲುವ ಕೊಲ್ಲಿಯಲ್ಲಿರುತ್ತದಂತೆ. ಅದು ಸರಿ. ತಲೆಬುರುಡೆಯನ್ನು ಟೋಪಿಯಲ್ಲಿಟ್ಟವನ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ನಾನು ನಗಬಾರದಿತ್ತು.

ಆದರೆ ಜಗಳ ಮುಗಿದಿಲ್ಲ. ಅವನು ಹಗ್ಗ ಸುತ್ತಿಕೊಂಡು, ಬೋರ್ಡು ಕೀಳಲು ಗುದ್ದಲಿ ತೆಗೆದ. ನಾನು ಅಡ್ಡ ನಿಂತೆ.

"ಏನ್ ಮಾಡ್ತಿದೀರಿ?"

"ಬೋರ್ಡ್ ತಗೊಂಡ್ ಹೋಗ್ತೀನಿ ಅಜ್ಜಾ. ನೀವೇ ಬೇಡ ಅಂದ್ರಲ್ಲ!"

"ಅದು ಹೋದ್ ವರ್ಷ. ಈಗ ನೋಡಿ, ಮೀನು ಒಣಗ್ತಿದೆ. ಬಳಕೇಲಿದೆ. ಮಾಲೀಕ ಬದುಕಿದಾನೆ, ಎದುರಿಗೇ ನಿಂತಿದಾನೆ. ಮುಟ್ಟಂಗಿಲ್ಲ."

ಗುದ್ದಲಿ ಕೆಳಗಿಟ್ಟು ದಂಡೆಯ ಮೇಲೆ ಕೂತುಬಿಟ್ಟ. ಒಂದು ಮೀನು ಕಿತ್ತುಕೊಟ್ಟೆ. ಬೋರ್ಡು ಇಲ್ಲೇ ಇದೆ.

ಇನ್ನು ಹೆಸರಿನ ವಿಷಯ. ಆಗಸ್ಟ್ ಹತ್ತಿರ ಬಂತು. ನೀನು ಬಾಯಿಬಿಟ್ಟು ಕೇಳುತ್ತಿಲ್ಲ, ದಾದಿಯ ಹತ್ತಿರ ನನ್ನ ಎದೆಯ ಸುದ್ದಿ ಕೇಳುತ್ತೀಯ. ಎದೆ ಬಡಿಯುತ್ತಿದೆ, ಆಗಾಗ ಬಡಿಯುವುದನ್ನು ಮರೆತು ನೆನಪಿಸಿಕೊಳ್ಳುತ್ತದೆ. ನೀನು ಅಂದುಕೊಂಡ ಹೆಸರು ಸದ್ಯಕ್ಕೆ ಸಿಗುವುದಿಲ್ಲ. ಇಮೀನಾನೂ ತನ್ನದು ಕೊಡುವುದಿಲ್ಲವಂತೆ. ಕಾಯಬಹುದು ಅಂದುಕೊಂಡರೆ ಮಗು ಕಾಯುವುದಿಲ್ಲ.

ಅದಕ್ಕೆ ರಾತ್ರಿಯಿಲ್ಲದ ಈ ಬೇಸಿಗೆಯಲ್ಲಿ ಕೂತು ನಾನೊಂದು ಹೆಸರು ಹುಡುಕಿದ್ದೇನೆ. ಒಳ್ಳೆಯ ಹೆಸರು, ಬಹಳ ವರ್ಷದಿಂದ ಖಾಲಿ ಬಿದ್ದಿದೆ, ಯಾರೂ ತೆಗೆದುಕೊಂಡಿಲ್ಲ. ಮಗುವಿಗೆ ಹಾರ್‌ಗ್ರೇವ್ ಎಂದು ಹೆಸರಿಡು.

ನಗಬೇಡ, ಪೂರ್ತಿ ಕೇಳು. ಹೆಸರು ಬಂದರೆ ಮನುಷ್ಯನೂ ಬರುತ್ತಾನೆ ಎಂದು ಈಗ ನಿಮ್ಮ ಇಲಾಖೆಯೇ ಒಪ್ಪಿ ರುಜು ಹಾಕಿದೆ. ಹಾಗಾದರೆ ಆ ಗುಡಿಸಲು ಯಾರದು? ಡಬ್ಬಿಗಳು ಯಾರವು? ಹಾರ್‌ಗ್ರೇವ್ ಭೂಶಿರ ಯಾರದು? ಗೊರಕೆ ಹಿಮನದಿಗೆ ತಂಗಿಯ ಹೆಸರು ಇಟ್ಟವನು ಬಂದು, ಆ ಹೆಸರು ತೆಗೀರಿ, ಗೊರಕೆ ಅಂತಲೇ ಬರೀರಿ ಅಂದರೆ ಯಾರು ಬೇಡ ಅನ್ನುತ್ತಾರೆ? ಹೋದ ಸಲ ನಮ್ಮ ಅಜ್ಜಿ ಹಾಕಿದ ಊಟದ ಋಣಕ್ಕೆ ಈ ಸಲ ನಮ್ಮ ಮನೆಯಲ್ಲೇ ಹುಟ್ಟಿ, ನಮ್ಮ ಜಾಗವನ್ನೆಲ್ಲ ನಮಗೆ ಬಿಟ್ಟುಕೊಡಲಿ.

ಮಗುವನ್ನು ಬೆನ್ನಚೀಲದಲ್ಲಿ ಹಾಕಿಕೊಂಡು ಬರುವ ವರ್ಷ ಬಾ. ನಾನು ಬಳೆಯಲ್ಲೇ ಇರುತ್ತೇನೆ, ಕಾಫಿಗೆ ನೀರು ಇಟ್ಟುಕೊಂಡು. ಅಷ್ಟರಲ್ಲಿ ಯೋರ್ನ್ ಕಾಗದ ಹಿಡಿದು ಕ್ಯಾಪ್ಟನ್ನಿನ ಗುಡಿಸಲಿನ ಮಾಲೀಕರನ್ನು ಕೇಳಿಕೊಂಡು ಬಂದರೆ, ಹೀಗೆ ಹೇಳು ಅವ್ವಾ: ಮಾಲೀಕರು ಬದುಕಿದ್ದಾರೆ. ಹಾಲು ಕುಡಿಯುತ್ತಿದ್ದಾರೆ. ಆಮೇಲೆ ಬನ್ನಿ.

ತನ್ನ ಹೆಸರನ್ನು ಇನ್ನೂ ತಾನೇ ಬಳಸುತ್ತಿರುವ,
ನಿನ್ನ ಮಗ
ಉಸಕಾಕ್